ಹಳೇ ಬುಲೆಟ್ಟಿನ ಮೂರು ರೋಗ, ಮನೆಯಂಗಳದ ಮದ್ದು

"ಬುಲೆಟ್ ಅಂದ್ರೆ ಹಂಗೇ ಸಾರ್." ಹಳೇ ಬುಲೆಟ್ ಇಟ್ಟುಕೊಂಡವರೆಲ್ಲ ಈ ಮಾತನ್ನು ಕೇಳಿಯೇ ಇರುತ್ತಾರೆ. ಎಣ್ಣೆ ಸೋರುತ್ತದೆ ಅಂದರೆ ಹಂಗೇ. ಕಿಕ್ಕರ್ ವಾಪಸ್ ಹೊಡೆಯುತ್ತದೆ ಅಂದರೆ ಹಂಗೇ. ಘಾಟಿ ಹತ್ತುವಾಗ ಬಿಸಿಯಾಗಿ ನಿಂತುಬಿಡುತ್ತದೆ ಅಂದರೂ ಹಂಗೇ.

ನನ್ನದು 1987ರ ರಾಯಲ್ ಎನ್‌ಫೀಲ್ಡ್ ಬುಲೆಟ್, ಸ್ಟ್ಯಾಂಡರ್ಡ್ 350. ಕಾಸ್ಟ್ ಐರನ್ ಇಂಜಿನ್, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು, ಪಾಯಿಂಟ್ಸ್ (ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಬರಿಸುವ ಸಣ್ಣ ಸ್ವಿಚ್ಚು) ಇಗ್ನಿಷನ್. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ರೈಟರ್ (ಲೆಕ್ಕ ಬರೆಯುವವರು) ಹತ್ತಿರ ಕೊಂಡಿದ್ದು. ಕೊಂಡಾಗ ಮೇಲೆ ಹೇಳಿದ ಮೂರೂ ರೋಗ ಅದಕ್ಕಿದ್ದವು. ಈಗ ಒಂದೂ ಇಲ್ಲ. ಮಜಾ ಅಂದರೆ ಇಂಜಿನ್ ಬಿಚ್ಚಲೇ ಇಲ್ಲ. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ), ಪಿಸ್ಟನ್ ಅಂತ ಖರ್ಚು ಹೇಳಿದ್ದ ರೋಗಗಳೆಲ್ಲ ಹೊರಗಿನ ಸಣ್ಣಪುಟ್ಟ ಸಾಮಾನಿನಿಂದಲೇ ವಾಸಿಯಾದವು.

ಕೆಲಸಕ್ಕೆ ಕೈ ಹಾಕುವ ಮುಂಚೆ ಸ್ಪ್ಯಾನರ್ ವಿಷಯ ಹೇಳಿಬಿಡಬೇಕು. ಈ ಗಾಡಿಯ ಮೂಲ ಇಂಗ್ಲೆಂಡಿನ ರೆಡ್ಡಿಚ್. 1950ರ ದಶಕದಲ್ಲಿ ಮದ್ರಾಸಿನ ತಿರುವೊಟ್ಟಿಯೂರಿಗೆ ಬಂತು. ಬರುವಾಗ ಅಲ್ಲಿನ ನಟ್ಟು ಬೋಲ್ಟಿನ ಅಳತೆಯನ್ನೂ ತಂದಿತು. ನನ್ನ ಗಾಡಿಯಲ್ಲಿ ಒಂದಷ್ಟು ನಟ್ಟುಗಳು ವಿಟ್ವರ್ತ್ ಅನ್ನುವ ಹಳೇ ಇಂಗ್ಲಿಷ್ ಇಂಚಿನ ಅಳತೆಯವು, ಉಳಿದವು ಮಿಲಿಮೀಟರ್. ಕಾಲಿಂಚಿನ ವಿಟ್ವರ್ತ್ ನಟ್ಟಿಗೆ 13ರ ಸ್ಪ್ಯಾನರ್ ಹೋಗುವುದಿಲ್ಲ, 14 ಹಾಕಿದರೆ ಸಡಿಲ. ಆದರೂ 14 ಹಾಕಿಯೇ ತಿರುಗಿಸುತ್ತಾರೆ. ನಾಲ್ಕಾರು ಸಲ ಹೀಗೆ ಮಾಡಿದರೆ ನಟ್ಟಿನ ಮೂಲೆಗಳೆಲ್ಲ ಸವೆದು ದುಂಡಗಾಗುತ್ತದೆ. ಆಮೇಲೆ ಉಳಿ, ಸುತ್ತಿಗೆ. ಹಳೇ ಬುಲೆಟ್ ಕೊಳ್ಳಲು ಹೋದಾಗ ನಾನು ಮೊದಲು ನೋಡುವುದೇ ನಟ್ಟಿನ ಮೂಲೆಗಳನ್ನು. ಹಿಂದಿನವರು ಗಾಡಿಯನ್ನು ಹೇಗೆ ನೋಡಿಕೊಂಡಿದ್ದರು ಅಂತ ಅಲ್ಲೇ ಗೊತ್ತಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗ ವಿಟ್ವರ್ತ್ ಸ್ಪ್ಯಾನರ್ ಸೆಟ್ ಒಂದನ್ನು ತಂದಿಟ್ಟುಕೊಂಡೆ. ಈ ಗಾಡಿಗೆ ನಾನು ಮಾಡಿದ ಒಳ್ಳೇ ಖರ್ಚು ಅದೇ.

ಈಗ ಎಣ್ಣೆ. ನನ್ನ ಗಾಡಿ ನಿಲ್ಲಿಸಿದ ಕಡೆಯೆಲ್ಲ ಕಪ್ಪು ಚುಕ್ಕೆ ಬೀಳುತ್ತಿತ್ತು. ನೋಡಿದವರೆಲ್ಲ ಸಿಲಿಂಡರ್ ಕೆಳಗಿನ ಬೇಸ್ ಗ್ಯಾಸ್ಕೆಟ್ ಹೋಗಿದೆ ಅಂದರು. ಅಲ್ಲೇ ಒದ್ದೆ ಇದ್ದದ್ದೂ ನಿಜ. ಆದರೆ ಎಣ್ಣೆ ಸೋರುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ. ಮೇಲಿಂದ ಕೆಳಗೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹಾಗಾಗಿ ಇಂಜಿನ್ನನ್ನು ಸೀಮೆಎಣ್ಣೆ, ಬ್ರಷ್ ಹಾಕಿ ಚೆನ್ನಾಗಿ ತೊಳೆದೆ. ಪೂರ್ತಿ ಒಣಗಿದ ಮೇಲೆ ಮಗುವಿಗೆ ಹಾಕುವ ಪೌಡರನ್ನು ಎಲ್ಲ ಜಾಯಿಂಟುಗಳ ಮೇಲೂ ಉದುರಿಸಿದೆ. ಗಾಡಿ ಶುರು ಮಾಡಿ, ನಿಂತಲ್ಲೇ ಬಿಸಿಯಾಗಲು ಬಿಟ್ಟೆ. ಬೇಸ್ ಗ್ಯಾಸ್ಕೆಟ್ ಹತ್ತಿರ ಪೌಡರ್ ಬೆಳ್ಳಗೇ ಇತ್ತು. ಮೇಲೆ, ಸಿಲಿಂಡರ್ ಹೆಡ್ಡಿನ ಬಲಗಡೆ, ವಾಲ್ವ್ ಒತ್ತುವ ರಾಕರ್‌ಗೆ ಎಣ್ಣೆ ಒಯ್ಯುವ ಸಣ್ಣ ಪೈಪಿನ ಬೋಲ್ಟ್ ಇದೆಯಲ್ಲ, ಅಲ್ಲಿಂದ ಕಂದು ಬಣ್ಣದ ಗೆರೆಯೊಂದು ಇಳಿಯಲು ಶುರುವಾಯಿತು. ಫಿನ್ನಿಂದ ಫಿನ್ನಿಗೆ ಇಳಿದು ಕೊನೆಗೆ ಬೇಸ್ ಹತ್ತಿರ ಬಂದು ನಿಂತಿತು.

ಆ ಬೋಲ್ಟಿನ ಎರಡೂ ಕಡೆ ತಾಮ್ರದ ವಾಷರ್ ಇರುತ್ತದೆ. ಒಮ್ಮೆ ಬಿಗಿದ ತಾಮ್ರ ಗಟ್ಟಿಯಾಗುತ್ತದೆ, ಮತ್ತೆ ಬಿಗಿದರೆ ಸರಿಯಾಗಿ ಒತ್ತಿ ಕೂರುವುದಿಲ್ಲ. ಹೊಸದು ಸಿಕ್ಕರೆ ಹೊಸದೇ ಹಾಕಿ. ಸಿಗದಿದ್ದರೆ ಅದನ್ನೇ ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಮೇಲಿನ ಕಪ್ಪನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ ಹಾಕಿದೆ. ಅಲ್ಲಿಗೆ ಆ ಸೋರಿಕೆ ನಿಂತಿತು.

ಆದರೆ ಟ್ಯಾಪೆಟ್ (ವಾಲ್ವ್ ಎತ್ತುವ ಸಾಮಾನು) ಕವರಿನಲ್ಲೂ ಸಣ್ಣಗೆ ಜಿನುಗುತ್ತಿತ್ತು. ಎರಡು ಮೂರು ಕಡೆ ಒಟ್ಟಿಗೆ ಜಿನುಗಿದರೆ ಗ್ಯಾಸ್ಕೆಟ್ಟುಗಳನ್ನು ಬೈದು ಪ್ರಯೋಜನವಿಲ್ಲ. ಒಳಗಿನ ಗಾಳಿಗೆ ದಾರಿ ಸಿಗುತ್ತಿಲ್ಲ ಅಂತ ಅರ್ಥ. ಈ ಇಂಜಿನ್ನಿಗೆ ಇರುವುದು ಒಂದೇ ಪಿಸ್ಟನ್. 70 ಮಿ.ಮೀ ಅಗಲ, 90 ಮಿ.ಮೀ ಓಡಾಟ. ಅಂದರೆ ಕೆಳಗಿಳಿದಾಗಲೆಲ್ಲ 346 ಸಿಸಿ ಗಾಳಿಯನ್ನು ಕ್ರ್ಯಾಂಕ್‌ಕೇಸಿಗೆ ಒತ್ತುತ್ತದೆ. ಅದು ಹೊರಗೆ ಹೋಗಬೇಕು, ಆದರೆ ಪಿಸ್ಟನ್ ಮೇಲೇರುವಾಗ ವಾಪಸ್ ಬರಬಾರದು. ಅದಕ್ಕಾಗಿ ಬ್ರೀದರ್ ಪೈಪಿಗೆ ಬಾತುಕೋಳಿಯ ಕೊಕ್ಕಿನಂಥ ಒಂದು ರಬ್ಬರ್ ಇರುತ್ತದೆ. ಒಳಗಿಂದ ಗಾಳಿ ಬಂದರೆ ಬಾಯಿ ಬಿಡುತ್ತದೆ, ಇಲ್ಲದಿದ್ದರೆ ಮುಚ್ಚಿಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ಅದು ಒಣಗಿ, ಎಣ್ಣೆಜಿಡ್ಡಿನಲ್ಲಿ ಬಾಯಿ ಅಂಟಿಕೊಂಡು ಕೂತಿತ್ತು. ಗಾಳಿ ಸಿಕ್ಕಸಿಕ್ಕ ಸಂದಿಯಿಂದ ಎಣ್ಣೆಯನ್ನೂ ಕರೆದುಕೊಂಡು ಹೊರಡುತ್ತಿತ್ತು. ರಬ್ಬರ್ ಬದಲಿಸಿದೆ, ಪೈಪ್ ತೊಳೆದೆ. ಪರೀಕ್ಷೆ ಸುಲಭ: ಇಂಜಿನ್ ಐಡಲಿಂಗ್‌ನಲ್ಲಿರುವಾಗ ಪೈಪಿನ ತುದಿಗೆ ಬೆರಳು ಹಿಡಿಯಿರಿ. ಪುಸ್ ಪುಸ್ ಅಂತ ಊದಬೇಕು, ಬೆರಳನ್ನು ಒಳಗೆ ಎಳೆದುಕೊಳ್ಳಬಾರದು.

ಗ್ಯಾಸ್ಕೆಟ್ ಗಮ್ ಬಗ್ಗೆ ನನಗೆ ಸಿಟ್ಟಿದೆ. ಸೋರಿದ ಕಡೆಯೆಲ್ಲ ಟ್ಯೂಬ್ ಹಿಂಡಿ ಬಳಿಯುತ್ತಾರೆ. ಹೊರಗೆ ಕಾಣುವಷ್ಟೇ ಗಮ್ ಒಳಗೂ ಉಬ್ಬಿರುತ್ತದೆ. ಅದು ಕಳಚಿಕೊಂಡು ಎಣ್ಣೆ ಹೋಗುವ ಸಣ್ಣ ದಾರಿಗೆ ಸಿಕ್ಕಿಬಿದ್ದರೆ ಎಣ್ಣೆಯಿಲ್ಲದೆ ಒಳಗಿನ ಸಾಮಾನು ಹಾಳು. ಅದಕ್ಕಿಂತ ಸುಮ್ನೆ ಸೋರುತ್ತಿದ್ದರೇ ವಾಸಿ.

ಎರಡನೆಯದು ಘಾಟಿಯಲ್ಲಿ ನಿಲ್ಲುವ ರೋಗ. ಚಾರ್ಮಾಡಿ ಇಳಿದು ಉಜಿರೆಗೆ ಹೋಗುವಾಗ ಏನೂ ತೊಂದರೆಯಿಲ್ಲ. ವಾಪಸ್ ಹತ್ತುವಾಗ ಅರ್ಧ ದಾರಿಯಲ್ಲಿ ಡಬ್ ಡಬ್ ಅಂತ ತಪ್ಪಲು ಶುರು, ಆಮೇಲೆ ಬಂದ್. ಒಂದಷ್ಟು ಹೊತ್ತು ತಣ್ಣಗಾಗಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತದೆ. "ಬೋರ್ ಹೋಗಿದೆ ಸಾರ್, ಪಿಸ್ಟನ್ ಸೆಟ್ ಹಾಕ್ಸಿಬಿಡಿ" ಅಂದ ಒಬ್ಬ ಮೆಕ್ಯಾನಿಕ್. ಬೋರ್ ಸವೆದಿದ್ದರೆ ತಣ್ಣಗಿರುವಾಗಲೂ ಹೊಗೆ ಬರಬೇಕಲ್ವಾ? ಕಿಕ್ಕರ್ ಮೇಲೆ ನಿಂತರೆ ಕಾಲಿಗೆ ತಡೆ ಸಿಗಬಾರದಲ್ವಾ? ಎರಡೂ ಸರಿಯಾಗಿಯೇ ಇದ್ದವು. ಬಿಸಿಯಾದಾಗ ಮಾತ್ರ ಕೈಕೊಡುವುದು ಹೆಚ್ಚಾಗಿ ಕರೆಂಟಿನ ಸಾಮಾನು.

ಕತ್ತಲಾದ ಮೇಲೆ, ಗಾಡಿ ಬಿಸಿಯಿರುವಾಗಲೇ, ಬಲಗಡೆಯ ಪಾಯಿಂಟ್ಸ್ ಕವರ್ ತೆಗೆದು ಇಂಜಿನ್ ಓಡಿಸಿ ನೋಡಿದೆ. ಪಾಯಿಂಟ್ಸ್ ನಡುವೆ ಸಣ್ಣ ಕಿಡಿ ಕಂಡರೆ ಪರವಾಗಿಲ್ಲ. ನನ್ನದರಲ್ಲಿ ನೀಲಿ ಬಿಳಿ ಬೆಳಕು ಬಿಡದೆ ಉರಿಯುತ್ತಿತ್ತು. ಪಾಯಿಂಟ್ಸ್ ನಡುವೆ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಹೋಗಿದ್ದಕ್ಕೆ ಅದೇ ಗುರುತು. ಪಾಯಿಂಟ್ಸ್ ಮುಖ ನೋಡಿದರೆ ಒಂದು ಕಡೆ ಗುಳಿ, ಇನ್ನೊಂದು ಕಡೆ ಉಬ್ಬು. ಕಂಡೆನ್ಸರ್ ಇರುವುದು ಪಾಯಿಂಟ್ಸ್ ಪಕ್ಕದಲ್ಲೇ, ಇಂಜಿನ್ನಿನ ಬಿಸಿಯಲ್ಲಿ. ಹೊಸದನ್ನು ನಾನು ಅಲ್ಲಿ ಹಾಕಲಿಲ್ಲ. ಒಂದು ವೈರ್ ಎಳೆದು ಮೇಲೆ ಕಾಯಿಲ್ ಪಕ್ಕ ಕೂರಿಸಿದೆ. ಅದರ ಮೈಗೆ ಒಳ್ಳೇ ಅರ್ಥ್ ಸಿಗಬೇಕು, ಆದ್ದರಿಂದ ಕೂರಿಸುವ ಜಾಗದ ಪೇಂಟ್ ಕೆರೆಯುವುದು ಮರೆಯಬಾರದು. ಅಲ್ಲಿಂದ ಮುಂದೆ ಚಾರ್ಮಾಡಿಯಲ್ಲಿ ಗಾಡಿ ನಿಂತಿಲ್ಲ.

ಕಂಡೆನ್ಸರ್ ಜೊತೆ ಪಾಯಿಂಟ್ಸೂ ಹೊಸದು ಹಾಕಬೇಕಾಯಿತು. ಗ್ಯಾಪ್ 0.35ರಿಂದ 0.40 ಮಿ.ಮೀ. ಫೀಲರ್ ಗೇಜ್ ಅಷ್ಟೇನೂ ದುಬಾರಿಯಲ್ಲ, ಹ್ಯಾಕ್ಸಾ ಬ್ಲೇಡಿನ ಅಂದಾಜು ಬೇಡ. ಈ ಗ್ಯಾಪ್ ಇದ್ದ ಹಾಗೇ ಇರುವುದಿಲ್ಲ. ಕ್ಯಾಮಿನ ಮೇಲೆ ಉಜ್ಜುವ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ಕಡಿಮೆಯಾಗುತ್ತದೆ. ಗ್ಯಾಪ್ ಕಡಿಮೆಯಾದರೆ ಪಾಯಿಂಟ್ಸ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡ. ಎಳೆತ ಹೋಗುತ್ತದೆ, ಇಂಜಿನ್ ಜಾಸ್ತಿ ಬಿಸಿಯಾಗುತ್ತದೆ. ನಿಧಾನವಾಗಿ ಆಗುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ, ಗಾಡಿಗೆ ವಯಸ್ಸಾಯಿತು ಅಂದುಕೊಳ್ಳುತ್ತೇವೆ. ಕ್ಯಾಮಿಗೆ ಬೆಂಕಿಕಡ್ಡಿಯ ತುದಿಯಷ್ಟು ಗ್ರೀಸ್ ಹಚ್ಚಿದರೆ ಹಿಮ್ಮಡಿ ಬಹಳ ಕಾಲ ಬರುತ್ತದೆ. ಜಾಸ್ತಿ ಹಚ್ಚಿದರೆ ಗ್ರೀಸ್ ಹಾರಿ ಪಾಯಿಂಟ್ಸ್ ಮುಖಕ್ಕೇ ಬಡಿಯುತ್ತದೆ.

ಇನ್ನು ಟೈಮಿಂಗ್. ಪಿಸ್ಟನ್ ಮೇಲಿನ ತುದಿ ಮುಟ್ಟಲು 0.8 ಮಿ.ಮೀ ಇರುವಾಗ ಪಾಯಿಂಟ್ಸ್ ತೆರೆಯಲು ಶುರುವಾಗಬೇಕು. ಇದನ್ನು ಕಲಿಸಿದ್ದು ನಮ್ಮೂರಿನ ಒಬ್ಬ ವಯಸ್ಸಾದ ಮೇಸ್ತ್ರಿ. "ಮುಳ್ಳು ನೋಡಿ ಸಾರ್, ಅದೇ ಹೇಳುತ್ತೆ" ಅಂದರು. ಮುಳ್ಳು ಅಂದರೆ ಹೆಡ್‌ಲೈಟ್ ಮೇಲಿನ ಆಮ್ಮೀಟರಿನದು. ಪ್ಲಗ್ ಬಿಚ್ಚಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಬೇಕು. ಪ್ಲಗ್ಗಿನ ತೂತಿಗೆ ಬೆರಳಿಟ್ಟರೆ ಗಾಳಿ ಒತ್ತುತ್ತದಲ್ಲ, ಅದು ಕಂಪ್ರೆಷನ್. ಅಲ್ಲಿಂದ ಒಂದು ಸೈಕಲ್ ಕಡ್ಡಿಯನ್ನು ತೂತಿನಲ್ಲಿ ಇಳಿಬಿಟ್ಟು ತುದಿ ಎಲ್ಲಿ ಅಂತ ನೋಡಿ ಗುರುತು ಹಾಕಿಕೊಳ್ಳಬೇಕು. ಆಮೇಲೆ ಚಕ್ರವನ್ನು ಹಿಂದಕ್ಕೆ ಜಾಸ್ತಿಯೇ ಒಯ್ದು, ಮತ್ತೆ ಮುಂದಕ್ಕೆ ತರುತ್ತ 0.8ರಲ್ಲಿ ನಿಲ್ಲಿಸಬೇಕು. ಹಿಂದಕ್ಕೆ ತಿರುಗಿಸುತ್ತಲೇ ನಿಲ್ಲಿಸಿದರೆ ಚೈನು, ಗೇರಿನ ಸಡಿಲವೆಲ್ಲ ಲೆಕ್ಕದಲ್ಲಿ ಸೇರಿ ತಪ್ಪುತ್ತದೆ.

ಈಗ ಕೀ ಆನ್ ಮಾಡಿ. ಪಾಯಿಂಟ್ಸ್ ಮುಚ್ಚಿದ್ದರೆ ಕಾಯಿಲ್ ಕರೆಂಟ್ ಎಳೆಯುತ್ತದೆ, ಮುಳ್ಳು ಮೈನಸ್ ಕಡೆ ವಾಲಿರುತ್ತದೆ. ಪ್ಲೇಟಿನ ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಒಂದು ಜಾಗದಲ್ಲಿ ಮುಳ್ಳು ಟಕ್ಕನೆ ನಡುವಿಗೆ ಬರುತ್ತದೆ. ಅಲ್ಲೇ ಬಿಗಿಯಬೇಕು. ಅನುಮಾನವಿದ್ದರೆ ಸಿಗರೇಟಿನ ಹಾಳೆಯ ಚೂರನ್ನು ಪಾಯಿಂಟ್ಸ್ ನಡುವೆ ಇಟ್ಟು ಮೆಲ್ಲಗೆ ಎಳೆಯುತ್ತಿರಿ. ಅದು ಜಾರುವ ಜಾಗವೂ ಮುಳ್ಳು ಹಾರುವ ಜಾಗವೂ ಒಂದೇ ಆಗಿರಬೇಕು. ಬಿಗಿದ ಮೇಲೆ ಮತ್ತೊಮ್ಮೆ ನೋಡಿ. ಬಿಗಿಯುವಾಗ ಪ್ಲೇಟ್ ಜರುಗುವುದು ಮಾಮೂಲು.

ಕಿಕ್ಕರ್ ವಾಪಸ್ ಹೊಡೆಯುವ ರೋಗ ಸಿಕ್ಕಿದ್ದೂ ಇದೇ ಜಾಗದಲ್ಲಿ. ಪಾಯಿಂಟ್ಸ್ ಪ್ಲೇಟಿನ ಕೆಳಗೆ ಆಟೋ ಅಡ್ವಾನ್ಸ್ ಇದೆ. ಎರಡು ಸಣ್ಣ ತೂಕ, ಎರಡು ಸ್ಪ್ರಿಂಗ್. ವೇಗ ಹೆಚ್ಚಾದಂತೆ ತೂಕಗಳು ಅಗಲವಾಗಿ ಕಿಡಿಯನ್ನು ಬೇಗ ಬರಿಸುತ್ತವೆ, ವೇಗ ಇಳಿದಾಗ ಸ್ಪ್ರಿಂಗ್ ವಾಪಸ್ ಎಳೆಯುತ್ತದೆ. ನನ್ನದರಲ್ಲಿ ಹಳೇ ಗ್ರೀಸ್ ಒಣಗಿ ಅಂಟಾಗಿ, ತೂಕಗಳು ಅಗಲವಾದ ಹಾಗೇ ನಿಂತಿದ್ದವು. ಅಂದರೆ ಕಿಕ್ ಹೊಡೆಯುವ ವೇಗಕ್ಕೆ ಕಿಡಿ ತೀರಾ ಬೇಗ. ಪಿಸ್ಟನ್ ಮೇಲೇರುವ ಮೊದಲೇ ಬೆಂಕಿ ಹತ್ತಿ ಕಿಕ್ಕರ್ ಕಾಲಿಗೆ ಬಡಿಯುತ್ತಿತ್ತು. ಪೆಟ್ರೋಲಿನಲ್ಲಿ ತೊಳೆದು ಒಂದೊಂದು ಹನಿ ಎಣ್ಣೆ ಬಿಟ್ಟೆ. ಬೆರಳಲ್ಲಿ ತಿರುಗಿಸಿ ಬಿಟ್ಟರೆ ಚಟ್ಟನೆ ವಾಪಸ್ ಬರಬೇಕು. ಈ ಕೆಲಸವನ್ನು ಟೈಮಿಂಗ್ ಇಡುವ ಮುಂಚೆಯೇ ಮಾಡಬೇಕು, ಇಲ್ಲದಿದ್ದರೆ 0.8 ಅನ್ನುವ ಲೆಕ್ಕಕ್ಕೇ ಅರ್ಥವಿಲ್ಲ.

ನಮ್ಮ ಕಡೆ ಜುಲೈ ಮಳೆ ಅಂದರೆ ಗೊತ್ತಲ್ಲ. ಪಾಯಿಂಟ್ಸ್ ಕವರಿನ ಅಂಚಿಗೆ ತೆಳ್ಳಗೆ ಗ್ರೀಸ್ ಬಳಿದು ಹಾಕುತ್ತೇನೆ. ಪ್ಲಗ್ ಕ್ಯಾಪ್ ರಬ್ಬರ್ ಬಿರುಕುಬಿಟ್ಟಿದ್ದರೆ ಮೇ ತಿಂಗಳಲ್ಲೇ ಬದಲಿಸಿಬಿಡುತ್ತೇನೆ.

ಟ್ಯಾಪೆಟ್ ಹೊಂದಿಸುವುದು ಕಷ್ಟವೇನಿಲ್ಲ, ಗೇಜೂ ಬೇಡ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಬೆಳಗ್ಗೆ ಮಾಡುವುದು ಒಳ್ಳೇದು. ಪಿಸ್ಟನ್ ಕಂಪ್ರೆಷನ್‌ನ ತುದಿಯಲ್ಲಿರುವಾಗ ಪುಶ್‌ರಾಡನ್ನು ಎರಡು ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ತೆಳ್ಳಗಿನ ಸ್ಪ್ಯಾನರ್ ಬೇಕು. ಟಕ ಟಕ ಸದ್ದು ಇಷ್ಟವಿಲ್ಲ ಅಂತ ಬಿಗಿ ಇಡುವವರಿದ್ದಾರೆ. ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ. ಸ್ವಲ್ಪ ಸದ್ದಿದ್ದರೆ ಇರಲಿ ಬಿಡಿ.

ಇಂಜಿನ್ನಿಗೆ 20ಡಬ್ಲ್ಯೂ50 ಎಣ್ಣೆ, ಎರಡೂಕಾಲು ಲೀಟರಿನ ಆಸುಪಾಸು. ಹಳೇ ಎಣ್ಣೆಯನ್ನು ಬಿಸಿಯಿರುವಾಗ ಇಳಿಸಬೇಕು. ಬದಲಿಸಿದ ಮೇಲೆ ಗಾಡಿ ಶುರು ಮಾಡಿ, ಆಗ ಹೇಳಿದೆನಲ್ಲ ರಾಕರ್ ಪೈಪಿನ ಬೋಲ್ಟ್, ಅದನ್ನು ಕೊಂಚ ಸಡಿಲಿಸಿ. ಎಣ್ಣೆ ಜಿನುಗಿದರೆ ಪಂಪ್ ಕೆಲಸ ಮಾಡುತ್ತಿದೆ ಅಂತ ಸಮಾಧಾನ. ಟೈಮಿಂಗ್ ಕವರ್ ಬಿಚ್ಚುವವರು ಕ್ರ್ಯಾಂಕಿನ ತುದಿಗೆ ಎಣ್ಣೆ ಹೋಗುವಲ್ಲಿರುವ ಕಾರ್ಕ್ ಸೀಲನ್ನು ತಪ್ಪದೆ ಹೊಸದು ಹಾಕಿ. ಅದು ಸಣ್ಣದು, ಅಗ್ಗದ್ದು. ಆದರೆ ಅದು ಕುಗ್ಗಿದರೆ ಬಿಗ್ ಎಂಡಿಗೆ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗಿಗೆ) ಎಣ್ಣೆ ಸಾಲದೆ ಇಂಜಿನ್ನೇ ಬಿಚ್ಚಿಸುತ್ತದೆ.

ಎಡಗಡೆಯ ಚೈನ್‌ಕೇಸ್ ಕವರ್ ನಿಂತಿರುವುದು ನಡುವಿನ ಒಂದೇ ನಟ್ಟಿನ ಮೇಲೆ. ಸೋರುತ್ತದೆ ಅಂತ ಆ ನಟ್ಟನ್ನು ಬಿಗಿದಷ್ಟೂ ಕವರ್ ಡೊಂಕಾಗಿ ಇನ್ನೂ ಸೋರುತ್ತದೆ. ಸುತ್ತಲಿನ ರಬ್ಬರ್ ಹೊಸದು ಹಾಕಿ, ಹದವಾಗಿ ಬಿಗಿದರೆ ಸಾಕು. ಒಳಗೆ ಎಣ್ಣೆ ಲೆವೆಲ್ ಸ್ಕ್ರೂವರೆಗೆ ಮಾತ್ರ. ಜಾಸ್ತಿಯಾದರೆ ಕ್ಲಚ್ ಜಾರುತ್ತದೆ, ಆಗ ಕ್ಲಚ್ ಪ್ಲೇಟ್ ಹೋಗಿದೆ ಅಂತ ಇನ್ನೊಂದು ಖರ್ಚು ಹೇಳುತ್ತಾರೆ.

ದೂರ ಹೊರಟರೆ ಸೀಟಿನ ಪಕ್ಕದ ಡಬ್ಬಿಯಲ್ಲಿ ಒಂದು ಪಾಯಿಂಟ್ಸ್ ಸೆಟ್, ಕಂಡೆನ್ಸರ್, ಪ್ಲಗ್, ಒಂದು ಚೂರು ಉಪ್ಪುಕಾಗದ ಇರುತ್ತದೆ. ಕ್ಲಚ್ ಕೇಬಲ್ ಮಾತ್ರ ಡಬ್ಬಿಯಲ್ಲಿಲ್ಲ. ಹೊಸದೊಂದನ್ನು ಎಣ್ಣೆ ಬಿಟ್ಟು, ಈಗಿರುವ ಕೇಬಲ್ಲಿನ ಪಕ್ಕದಲ್ಲೇ ಹ್ಯಾಂಡಲ್‌ನಿಂದ ಗೇರ್‌ಬಾಕ್ಸಿನವರೆಗೆ ಎಳೆದು ಕಟ್ಟಿಟ್ಟಿದ್ದೇನೆ, ತುದಿಗಳಿಗೆ ಪ್ಲಾಸ್ಟಿಕ್ ಸುತ್ತಿ. ಟ್ಯಾಂಕ್ ಕೆಳಗೆ ತೂರಿಸುವುದೇ ಇದರಲ್ಲಿ ರಗಳೆಯ ಕೆಲಸ. ಅದು ಮೊದಲೇ ಮುಗಿದಿದ್ದರೆ, ಮಳೆಯಲ್ಲಿ ಕೇಬಲ್ ಕಟ್ ಆದರೂ ಎರಡು ತುದಿ ಸಿಕ್ಕಿಸಿ ಹೊರಡಬಹುದು.