ಕೂಫಿ ಚೌಕದಲ್ಲಿ ಫಾರ್ಸಿ ಫಾಂಟ್: ಗ್ರಿಡ್ ಎಲ್ಲಿ ಮುರಿಯಬೇಕು?

ಧಾರವಾಡದ ಕಡೆ ಕಸೂತಿ ಹಾಕುವವರು ಎಳೆ ಎಣಿಸಿ ಮುರ್ಗಿ ಮೆಟ್ಟಿಲು ಕಟ್ಟುತ್ತಾರಲ್ಲ, ಚೌಕ ಕೂಫಿಯ (ಅರಬ್ಬಿ ಲಿಪಿಯನ್ನು ಚೌಕಗಳಲ್ಲಿ ಕೂರಿಸಿ ಬರೆಯುವ ಶೈಲಿ) ಲೆಕ್ಕವೂ ಹಾಗೇ. ಇರಾನಿನ ಮಸೀದಿಗಳ ಇಟ್ಟಿಗೆ ಬರಹದಲ್ಲಿ ಗೆರೆ ಎಷ್ಟು ದಪ್ಪವೋ ನಡುವಿನ ಖಾಲಿ ಜಾಗವೂ ಅಷ್ಟೇ. ಗೋಡೆಗೆ ಅದು ಒಪ್ಪುತ್ತದೆ. ಓದುವ ಫಾಂಟಿಗೆ ಅಲ್ಲಲ್ಲಿ ಚೌಕ ಮುರಿಯಲೇಬೇಕು.

ಫಾಂಟ್ ಮಾಡುವ ತಂತ್ರಾಂಶ ಫಾಂಟ್‌ಫೋರ್ಜ್‌ನಲ್ಲಿ ಎಮ್ (ಅಕ್ಷರ ಕೂರುವ ಚೌಕಟ್ಟಿನ ಅಳತೆ) 1000 ಇಟ್ಟು 100 ಯುನಿಟ್ಟಿನ ಗ್ರಿಡ್ ಹಾಕಿ. ಅಲಿಫ್ ಅಕ್ಷರದ ಎತ್ತರ 700, ಬೆ-ನೂನ್ ಅಕ್ಷರಗಳ ಹಲ್ಲು (ಮೇಲೆದ್ದ ಗಿಡ್ಡ ಗೆರೆ) 300, ಕೆಳಗಿನ ಇಳಿತ 300. ನಿಂತ ಗೆರೆ 100 ಇದ್ದರೆ ಮಲಗಿದ ಗೆರೆಗೆ 92 ಸಾಕು. ಎರಡೂ ಸಮ ಇಟ್ಟರೆ ಮಲಗಿದ್ದೇ ದಪ್ಪ ಕಾಣುತ್ತದೆ. ದಾಲ್ 3 ಚೌಕ ಅಗಲ, ಕಾಫ್ 6. ಕೂಫಿಯಲ್ಲಿ ಇವೆರಡರ ಮೈಕಟ್ಟು ಹೆಚ್ಚುಕಡಿಮೆ ಒಂದೇ, ಅಗಲದಿಂದಲೇ ಗುರುತು ಸಿಗಬೇಕು.

ನಿಜವಾದ ತಲೆನೋವು ಚುಕ್ಕಿಗಳದು. ಹಳೆಯ ಕೂಫಿ ಹಸ್ತಪ್ರತಿಗಳಲ್ಲಿ ಅವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಫಾರ್ಸಿಯ 32 ಅಕ್ಷರ ಅವಿಲ್ಲದೆ ನಡೆಯವು. ಚುಕ್ಕಿ 120ರ ಚೌಕ, ನಡುವೆ 60 ಬಿಟ್ಟರೆ ಜೋಡಿಯ ಅಗಲ 300. ಹಲ್ಲಿನಿಂದ ಹಲ್ಲಿಗೆ ಇರುವುದು 200 ಮಾತ್ರ. ‘ಪೀಚ್’ ಎಂದು ಟೈಪ್ ಮಾಡಿ: ಪೆ, ಯೆ, ಚೆ ಮೂರರ ಚುಕ್ಕಿಯೂ ಕೆಳಗೇ ಬಂದು ಒಂದರ ಮೈಮೇಲೊಂದು ಏರುತ್ತವೆ. ಇಂಥ ಜಾಗಕ್ಕೆ ‘ಕಾಲ್ಟ್’ ಫೀಚರಿನಲ್ಲಿ (ಅಕ್ಕಪಕ್ಕದ ಅಕ್ಷರ ನೋಡಿ ಆಕಾರ ಬದಲಿಸುವ ಸೌಲಭ್ಯ) ಹಲ್ಲುಗಳ ಅಂತರ 400 ಇರುವ ಬದಲಿ ಗ್ಲಿಫ್, ಅಂದರೆ ಬದಲಿ ಆಕಾರ ಕೊಡಿ. ಚುಕ್ಕಿ ಕಿರಿದು ಮಾಡಬೇಡಿ; 10 ಪಾಯಿಂಟಿನಲ್ಲಿ ಮೂರೂ ಸೇರಿ ಮಸಿ ಕಲೆಯಾಗುತ್ತದೆ. ಬೇರೆ ಬೇರೆ ಅಕ್ಷರಗಳ ಮೂರು ಹಲ್ಲು ಸಾಲಾಗಿ ಬಂದರೆ ಮೂರು ಹಲ್ಲಿನ ಸೀನ್ ಅಕ್ಷರ ಅನಿಸುತ್ತದೆ, ನಡುವಿನದನ್ನು 400ಕ್ಕೆ ಎತ್ತಿ.

ಪದದಲ್ಲಿ ಎಲ್ಲಿ ಬರುತ್ತದೆ ಅನ್ನುವುದರ ಮೇಲೆ ಅಕ್ಷರದ ರೂಪ ಬದಲಾಗುತ್ತದೆ. ಮುಂದಿನದಕ್ಕೆ ಕೂಡದ 7 ಅಕ್ಷರಗಳಿಗೆ ಎರಡೇ ರೂಪ, ಉಳಿದ ಬಹುಪಾಲಿಗೆ ನಾಲ್ಕು. ಕೂಡುವ ಬದಿಯಲ್ಲಿ ಸೈಡ್‌ಬೇರಿಂಗ್ (ಅಕ್ಷರದ ಪಕ್ಕದ ಖಾಲಿ ಜಾಗ) 0 ಇಟ್ಟು ಗೆರೆಯನ್ನು 10 ಯುನಿಟ್ ಆಚೆ ಚಾಚಿ, ಇಲ್ಲದಿದ್ದರೆ ಪರದೆಯ ಮೇಲೆ ಕೂದಲೆಳೆಯಷ್ಟು ಬಿಳಿ ಸೀಳು ಕಾಣುತ್ತದೆ. ಲಾಮ್, ಅಲಿಫ್ ಎರಡೂ ಕೂಡಿದ ಜೋಡಿ ಆಕಾರ ಕಡ್ಡಾಯ.

ಫಾರ್ಸಿ ಯೆ, ಕಾಫ್‌ಗಳಿಗೆ ಯುನಿಕೋಡಿನಲ್ಲಿ ಅರಬ್ಬಿಯವಕ್ಕಿಂತ ಬೇರೆ ಸ್ಥಾನವಿದೆ. ಅದು ಖಾಲಿ ಉಳಿದರೆ ಪದದ ನಡುವೆ ಬೇರೆ ಫಾಂಟ್ ನುಗ್ಗುತ್ತದೆ. 4, 5, 6 ಅಂಕಿಗಳ ಆಕಾರವೂ ಬೇರೆ. ‘ರಾಜ್‌ಕುಮಾರ್’ ಬರೆಯಲು ನಾವು ಬಳಸುವ ಝೀರೋ ವಿಡ್ತ್ ನಾನ್ ಜಾಯ್ನರ್ (ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ) ಇಲ್ಲೂ ಬೇಕು. ‘ಮೀರವಮ್’ ಪದದಲ್ಲಿ ಯೆ ಅಂತ್ಯರೂಪ ತಾಳುವುದು ಅದರಿಂದಲೇ.

ಪರೀಕ್ಷೆಗೆ 10, 14, 72 ಪಾಯಿಂಟಿನಲ್ಲಿ ಲೇಸರ್ ಪ್ರಿಂಟ್ ತೆಗೆದು ಹುಬ್ಬಳ್ಳಿಯ ಉರ್ದು ಓದುಗರಿಗೆ ಕೊಡಿ. ಉರ್ದು ಬರೆಯುವ ಓರೆ ಶೈಲಿ ನಸ್ತಾಲೀಕಿಗೆ ಒಗ್ಗಿದ ಕಣ್ಣು ಎಲ್ಲಿ ತಡವರಿಸುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಿ. ಕಾಗುಣಿತ, ಪದಗಳ ನಡುವಿನ ಅಂತರ ನೋಡಲು ಮಾತ್ರ ಫಾರ್ಸಿ ಬಲ್ಲವರೇ ಬೇಕು. ಅಂಗಡಿ ಬೋರ್ಡಿಗೆ ಉರ್ದುವನ್ನೂ ಇದರಲ್ಲೇ ಬರೆಸುವುದಾದರೆ ಟೆ, ಡಾಲ್, ಡೆ ಮೊದಲಾದ ಹೆಚ್ಚುವರಿ ಅಕ್ಷರಗಳನ್ನು ಈಗಲೇ ಬಿಡಿಸಿಡಿ.