ಕತ್ತಿ ಏಟಿನ ಐದು ಫ್ರೇಮು

ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಎರಡೂವರೆ ವರ್ಷ ನಾನು ಒಂದು ಆಕ್ಷನ್ ಗೇಮಿನ ಹೊಡೆದಾಟದ ಕೋಡ್ ಬರೆದೆ. ಆ ಗೇಮನ್ನು ನೀವು ಆಡಿಲ್ಲ. ಯಾರೂ ಆಡಿಲ್ಲ. ಹೆಸರು ಹೇಳುವ ಹಾಗಿಲ್ಲ, ಸಹಿ ಹಾಕಿಕೊಟ್ಟಿದ್ದೇನೆ.

ನನ್ನ ಕೆಲಸ ಇಷ್ಟೇ: ಕತ್ತಿ ಬೀಸಿದರೆ ತಾಗಿದೆ ಅಂತ ಆಡುವವರ ಕೈಗೆ ಅನ್ನಿಸಬೇಕು. ಗೇಮಿನ ಮೊದಲ ಆವೃತ್ತಿಯಲ್ಲಿ ಹಾಗೆ ಅನ್ನಿಸುತ್ತಿರಲಿಲ್ಲ. ಬಟನ್ ಒತ್ತಿ 14 ಫ್ರೇಮ್, ಅಂದರೆ ಪರದೆಯಲ್ಲಿ 14 ಚಿತ್ರ, ಆದ ಮೇಲೆ ಏಟು ಬೀಳುತ್ತಿತ್ತು. ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ ಅದು ಕಾಲು ಸೆಕೆಂಡೂ ಅಲ್ಲ, ಆದರೂ ಕೈಗೆ ಗೊತ್ತಾಗುತ್ತದೆ. ನಮ್ಮ ಅನಿಮೇಟರ್ ಕತ್ತಿ ಹಿಂದಕ್ಕೆ ಎತ್ತುವ ಭಾಗವನ್ನು ತುಂಬಾ ಚೆನ್ನಾಗಿ ಮಾಡಿದ್ದ. ನಾನು ಅದನ್ನೇ ಕತ್ತರಿಸಿ 8ಕ್ಕೆ ಇಳಿಸಿದೆ. ಪಾಪ, ಎರಡು ದಿನ ಮಾತು ಬಿಟ್ಟಿದ್ದ.

ಆಮೇಲೆ ಹಿಟ್ ಸ್ಟಾಪ್. ಏಟು ತಾಗಿದ ಕೂಡಲೇ ಹೊಡೆದವನನ್ನೂ ಏಟು ತಿಂದವನನ್ನೂ ಕೆಲವು ಫ್ರೇಮ್ ಕದಲದ ಹಾಗೆ ನಿಲ್ಲಿಸುವುದು. ಮೂರು ಇಟ್ಟರೆ ಬೆಣ್ಣೆ ಕೊಯ್ದ ಹಾಗಿರುತ್ತಿತ್ತು. ಎಂಟು ಇಟ್ಟರೆ ಗೇಮ್ ಹ್ಯಾಂಗ್ ಆಯ್ತೇನೋ ಅನ್ನಿಸುತ್ತಿತ್ತು. ಐದು ಇಟ್ಟೆವು. ಟೆಸ್ಟಿಂಗ್‌ನವಳು ಮೊದಲ ಏಟಿಗೇ "ಹಾಂ, ಈಗ ಬಿತ್ತು ನೋಡಿ" ಅಂದಳು.

ಹದಿನಾಲ್ಕನೇ ತಿಂಗಳಲ್ಲಿ ಪಬ್ಲಿಷರ್ ಕಡೆಯಿಂದ ಹೊಸ ಬೇಡಿಕೆ ಬಂತು. ನಾಲ್ಕು ಜನ ಆನ್‌ಲೈನ್‌ನಲ್ಲಿ ಸೇರಿ ಆಡುವ ಹಾಗಿರಬೇಕಂತೆ. ಮೀಟಿಂಗ್‌ನಲ್ಲಿ "ಆಗುತ್ತೆ" ಅಂದವನು ನಾನೇ.

ಒಬ್ಬರೇ ಆಡುವ ಗೇಮಿನಲ್ಲಿ ಕಾಲ ನಮ್ಮ ಕೈಯಲ್ಲಿರುತ್ತದೆ, ನಿಲ್ಲಿಸಬಹುದು. ನಾಲ್ಕು ಜನ ಇದ್ದರೆ ಯಾರ ಕಾಲ ನಿಲ್ಲಿಸುವುದು? ನೆಟ್‌ವರ್ಕ್ 120 ಮಿಲಿಸೆಕೆಂಡ್ ತಡವಾದರೆ ಏಳು ಫ್ರೇಮ್ ಹೋಯಿತು. ನಮ್ಮ ಹಿಟ್ ಸ್ಟಾಪೇ ಐದು! ನನ್ನ ಪರದೆಯಲ್ಲಿ ಮಾತ್ರ ರಾಕ್ಷಸನನ್ನು ನಿಲ್ಲಿಸಿ ನೋಡಿದೆ. ಅಷ್ಟರಲ್ಲಿ ನಾಲ್ವರ ಆಟವನ್ನೂ ಜೋಡಿಸುವ ಸರ್ವರ್‌ನಲ್ಲಿ ಅವನು ಎರಡು ಹೆಜ್ಜೆ ಮುಂದೆ ಹೋಗಿರುತ್ತಿದ್ದ. ಬಿಟ್ಟ ಕೂಡಲೇ ಸಾರಿಸಿದ ನೆಲದ ಮೇಲೆ ಜಾರಿದವನ ಹಾಗೆ ಸರ್ರನೆ ಹೋಗಿ ನಿಲ್ಲುತ್ತಿದ್ದ. ಹಿಟ್ ಸ್ಟಾಪ್ ತೆಗೆದರೆ ಕತ್ತಿಯಲ್ಲಿ ತೂಕವೇ ಇಲ್ಲ. ಆರು ತಿಂಗಳು ಇದರಲ್ಲೇ ಹೋಯಿತು.

ಆಗ ಸ್ಕೇಲ್‌ಬೌಂಡ್ ಕಥೆಯನ್ನು ಮತ್ತೆ ಮತ್ತೆ ಓದುತ್ತಿದ್ದೆ. ಜಪಾನಿನ ಪ್ಲಾಟಿನಂಗೇಮ್ಸ್ ಮೈಕ್ರೋಸಾಫ್ಟ್‌ಗಾಗಿ ಮಾಡುತ್ತಿದ್ದ ಗೇಮ್. ಡ್ರೂ ಅನ್ನೋ ಹುಡುಗ, ಥೂಬಾನ್ ಅನ್ನೋ ಡ್ರ್ಯಾಗನ್. 2014ರಲ್ಲಿ ಘೋಷಣೆ, 2016ರಲ್ಲಿ ನಾಲ್ಕು ಜನ ಸೇರಿ ಆಡುವ ಡೆಮೊ, 2017ರ ಜನವರಿಯಲ್ಲಿ ರದ್ದು. ಗೇಮ್ ಕಟ್ಟುವ ಸಾಫ್ಟ್‌ವೇರ್ ಆದ ಅನ್‌ರಿಯಲ್ ಇಂಜಿನ್ ತಮಗೆ ಅಭ್ಯಾಸ ಇರಲಿಲ್ಲ, ಆನ್‌ಲೈನ್ ಗೇಮ್ ಕಟ್ಟುವ ಅನುಭವವೂ ಸಾಲದಾಗಿತ್ತು ಅಂತ ನಿರ್ದೇಶಕ ಹಿಡೆಕಿ ಕಮಿಯಾ ಆಮೇಲೆ ಒಪ್ಪಿಕೊಂಡರು. ಹೊಡೆದಾಟದ ಗೇಮ್ ಮಾಡೋದರಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಅವರಿಗೇ ಹಾಗಾದರೆ ನಮ್ಮದೇನು ಅಂತ ಸಮಾಧಾನ ಮಾಡಿಕೊಂಡೆ, ಸುಳ್ಳೇಕೆ ಹೇಳಲಿ.

ನಮ್ಮದು ನಿಂತಿದ್ದು ಹದಿನೈದು ನಿಮಿಷದ ಒಂದು ಕಾಲ್‌ನಲ್ಲಿ. ಸಂಜೆ ಹೊತ್ತಿಗೆ ಸರ್ವರ್ ಪಾಸ್‌ವರ್ಡ್ ಬದಲಾಗಿತ್ತು.

ಮೊನ್ನೆ ಆ ಅನಿಮೇಟರ್ ಸಿಕ್ಕಿದ್ದ. ಈಗ ಇಬ್ಬರೂ ಬೇರೆ ಬೇರೆ ಕಡೆ ಆನ್‌ಲೈನ್ ಗೇಮ್ ಮಾಡುತ್ತಿದ್ದೇವೆ. ಆನ್‌ಲೈನ್‌ನಲ್ಲಿ ಕತ್ತಿ ಎತ್ತುವ ಉದ್ದದ ಭಾಗವೇ ನೆಟ್‌ವರ್ಕ್ ತಡವನ್ನು ಮುಚ್ಚಿಡುವುದು, ಇದು ಇಬ್ಬರಿಗೂ ಈಗ ಗೊತ್ತು. ಕಾಫಿ ಹೀರುತ್ತಾ ಅವನು ಕೇಳಿದ: "ನನ್ನ ಆರು ಫ್ರೇಮ್ ಯಾವಾಗ ವಾಪಸ್ ಕೊಡ್ತೀಯಾ?"