ಕೆಲಸ ಕೊಡುವ ಮೊದಲು ನಿಮ್ಮ ಅಂಜಿಕೆಯ ಪಟ್ಟಿ ಮಾಡಿ

ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಮೇಲ್ವಿಚಾರಕಿಯಾಗಿದ್ದಾಗ ನಾನೂ ಕಿವಿ ಕೇಳದ ಹುಡುಗಿಯೊಬ್ಬಳ ಅರ್ಜಿಯನ್ನು ಬದಿಗೆ ಸರಿಸಿದವಳೇ. ‘ಅತಿಥಿಗಳು ಏನೆಂದುಕೊಂಡಾರು’ ಎಂಬ ನೆಪ ಸಿದ್ಧವಾಗಿತ್ತು. ಯಾವ ಅತಿಥಿಯನ್ನೂ ಕೇಳಿರಲಿಲ್ಲ ಎನ್ನುವುದು ಬೇರೆ ಮಾತು.

ಆದ್ದರಿಂದ ಅಂಗವಿಕಲರಿಗೆ ಕೆಲಸ ಕೊಡಲು ಹಿಂಜರಿಯುತ್ತಿದ್ದರೆ, ಮೊದಲು ನಿಮ್ಮ ಅಂಜಿಕೆಯನ್ನು ಕಾಗದದ ಮೇಲೆ ಇಳಿಸಿ. ‘ಕಷ್ಟವಾಗುತ್ತದೆ’ ಎಂದರೆ ಸಾಲದು. ಯಾವ ಕೆಲಸದಲ್ಲಿ, ಯಾವ ಗಳಿಗೆಯಲ್ಲಿ ಎಂದು ಬರೆಯಿರಿ. ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಎರಡೇ: ಬಾಗಿಲು ತಟ್ಟಿದಾಗ ಒಳಗಿನವರ ಉತ್ತರ ಕೇಳಿಸದು, ಬೆಂಕಿಯ ಎಚ್ಚರಿಕೆ ಗಂಟೆ ಕೇಳಿಸದು. ಖಾಲಿಯಾದ ಕೋಣೆಗಳ ಪಟ್ಟಿ ಸ್ವಾಗತ ಕೌಂಟರಿನಿಂದ ಮೊಬೈಲಿಗೆ ಬರತೊಡಗಿದ ಮೇಲೆ ಮೊದಲನೆಯದು ಮುಗಿಯಿತು. ಎರಡನೆಯದಕ್ಕೆ ಮಿನುಗುವ ದೀಪ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕಂಪಿಸುವ ಪೇಜರ್.

ಸಂದರ್ಶನದಲ್ಲಿ ಮಾತುಗಾರಿಕೆಯನ್ನು ಅಳೆಯಬೇಡಿ, ಹಾಸಿಗೆ ಹಾಸಲು ಹೇಳಿ. ನಾನು ಮುಂದೆ ಸೇರಿಸಿಕೊಂಡ ಕಿವಿ ಕೇಳದ ಹುಡುಗ ಹೊದಿಕೆಯ ಮೂಲೆಯನ್ನು ಓರೆಯಾಗಿ ಮಡಚಿ, ಹಾಸಿಗೆಯಡಿಗೆ ತುರುಕಿ, ಅಂಗೈಯಿಂದ ಒಮ್ಮೆ ನೇವರಿಸಿದ. ಒಂದು ಸುಕ್ಕೂ ಉಳಿಯಲಿಲ್ಲ.

‘ನಿಮಗೇನಾಗಿದೆ’ ಎನ್ನಬೇಡಿ, ‘ಈ ಕೆಲಸಕ್ಕೆ ಏನು ಅನುಕೂಲ ಬೇಕು’ ಎಂದು ಕೇಳಿ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿಯೂ ಕೆಲಸದ ಜಾಗದಲ್ಲಿ ಇಂಥ ಹೊಂದಾಣಿಕೆಯನ್ನೇ ಹೇಳುತ್ತದೆ.

ಸೇರಿಸಿಕೊಂಡು ಲಾಂಡ್ರಿಯ ಮೂಲೆಯಲ್ಲಿ ಬಚ್ಚಿಡುವವರೂ ಇದ್ದಾರೆ. ಅದಕ್ಕಿಂತ ಬೇಡವೆನ್ನುವುದೇ ಪ್ರಾಮಾಣಿಕ. ಉಳಿದ ಸಿಬ್ಬಂದಿಗೆ ಹತ್ತು ಸನ್ನೆಗಳನ್ನು ಕಲಿಸಿ: ಟವೆಲ್, ಬೀಗ, ನೀರು, ತುರ್ತು, ಇಂಥವು. ಪೇಜರಿನ ಬ್ಯಾಟರಿಯನ್ನು ಮಾತ್ರ ಪ್ರತಿ ಪಾಳಿಯ ಮೊದಲು ನೀವೇ ನೋಡಿ.